ಮುಯ್ಯಿ ಮತ್ತು ಹಂಗು

ಕನ್ನಡ ನಾಡಿನ ಹಳ್ಳಿಗಳಲ್ಲಿ ನೆರೆಹೊರೆಯವರ ಪರಸ್ಪರ ನೆರವನ್ನು ಸೂಚಿಸುವ ಮಾತುಗಳಲ್ಲಿ 'ಮುಯ್ಯಿ' ಎಂಬುದು ಹಳೆಯದು, ಮತ್ತು ಕೊಂಚ ವಿಚಿತ್ರವಾದುದು. ಒಂದು ಮನೆಯವರು ಇನ್ನೊಂದು ಮನೆಯವರ ಗದ್ದೆಯಲ್ಲಿ ಕೂಲಿ ಪಡೆಯದೆ ಒಂದು ದಿನ ದುಡಿದು, ಮುಂದೆ ತಮ್ಮ ಗದ್ದೆಯಲ್ಲಿ ಅವರಿಂದ ಅಷ್ಟೇ ದುಡಿಮೆಯನ್ನು ಮರಳಿ ಪಡೆಯುವುದಕ್ಕೆ ಮುಯ್ಯಿ ಎನ್ನುತ್ತಾರೆ. ಹಾಗೆ ದುಡಿಯಲು ಬರುವವನು ಮುಯ್ಯಾಳು. ಮದುವೆಯ ಚಪ್ಪರದಲ್ಲಿ ನಂಟರೂ ಊರವರೂ ಕೊಡುವ ಹಣ, ಬಟ್ಟೆ, ಪಾತ್ರೆಗಳೂ ಮುಯ್ಯಿಯೇ. ಹಗೆಯವನು ಮಾಡಿದ ಕೇಡಿಗೆ ಪ್ರತಿಯಾಗಿ ಮಾಡುವ ಕೇಡನ್ನೂ ಇದೇ ಮಾತು ಹೇಳುತ್ತದೆ. 'ಮುಯ್ಯಿ ತೀರಿಸಿಕೊಂಡ' ಎಂದರೆ ಕೇಳುವವರಿಗೆ ಮೊದಲು ನೆನಪಾಗುವುದು ನಾಟಿಯಲ್ಲ, ಜಗಳ. ಉಪಕಾರಕ್ಕೂ ಸೇಡಿಗೂ ಒಂದೇ ಹೆಸರಿಟ್ಟ ಜನರು ಭಾಷೆಯ ಬಡತನದಿಂದ ಹಾಗೆ ಮಾಡಿದರೆಂದು ಭಾವಿಸಲು ಕಾರಣವಿಲ್ಲ. ಪಡೆದದ್ದು ಯಾವುದೇ ಆಗಿರಲಿ ಅದನ್ನು ಹಿಂದಿರುಗಿಸಲೇಬೇಕು ಎಂಬ ತಿಳಿವಳಿಕೆ ಆ ಒಂದು ಮಾತಿನಲ್ಲಿದೆ, ಮತ್ತು ಹಳ್ಳಿಯ ನೆರೆಹೊರೆಯ ಪ್ರೀತಿಯನ್ನು ಅರಿಯಬೇಕಾದರೆ ಈ ತಿಳಿವಳಿಕೆಯಿಂದಲೇ ಹೊರಡಬೇಕು.

ಹಳ್ಳಿಗರ ಒಳ್ಳೆಯತನವನ್ನು ಕೊಂಡಾಡುವ ಬರಹಗಳು ಸಾಮಾನ್ಯವಾಗಿ ಅದನ್ನು ಹೃದಯದ ಗುಣವೆಂದು ಹೇಳಿ ಮುಗಿಸುತ್ತವೆ. ಹೃದಯದ ಪಾಲು ಇಲ್ಲವೆಂದಲ್ಲ. ಆದರೆ ಮುಯ್ಯಾಳಿನ ಪದ್ಧತಿಯನ್ನು ಹುಟ್ಟಿಸಿದ್ದು ಮೊದಲು ಮಳೆ. ರೈತರು ವರ್ಷವನ್ನು 27 ನಕ್ಷತ್ರಗಳಿಗೆ ಹಂಚಿಕೊಂಡು, ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳ ಮಳೆಯನ್ನು ಆ ನಕ್ಷತ್ರದ ಹೆಸರಿನಿಂದಲೇ ಕರೆಯುತ್ತಾರೆ. ಮೇ ತಿಂಗಳ ಕೊನೆಯ ವಾರದಲ್ಲಿ ರೋಹಿಣಿ ಹೊಕ್ಕರೆ, ಜೂನ್ ಮುಗಿಯುವ ಮೊದಲು ಆರಿದ್ರಾ ಬರುತ್ತದೆ. ಜುಲೈ ತಿಂಗಳು ಪುನರ್ವಸು ಮತ್ತು ಪುಷ್ಯ ಮಳೆಗಳಿಗೆ ಸೇರಿದ್ದು, ಮಲೆನಾಡಿನ ಭತ್ತದ ನಾಟಿಯ ಹೆಚ್ಚಿನ ಭಾಗ ನಡೆಯುವುದೂ ಆಗಲೇ. ಸಸಿಮಡಿಯಲ್ಲಿ, ಎಂದರೆ ಬೀಜವನ್ನು ಒತ್ತಾಗಿ ಚೆಲ್ಲಿ ಸಸಿ ಬೆಳೆಸುವ ಪಾತಿಯಲ್ಲಿ, ಭತ್ತದ ಸಸಿ ಮೂರರಿಂದ ನಾಲ್ಕು ವಾರಗಳಷ್ಟು ಬೆಳೆದಾಗ ಅದನ್ನು ಕಿತ್ತು ಗದ್ದೆಗೆ ನೆಡಬೇಕು. ಅದಕ್ಕಿಂತ ಬಹಳ ತಡವಾದರೆ ಸಸಿ ಬಲಿತು, ನೆಟ್ಟ ಮೇಲೆ ತೆಂಡೆ ಒಡೆಯುವುದು, ಎಂದರೆ ಬುಡದಿಂದ ಹೊಸ ಕವಲುಗಳನ್ನು ಹೊರಡಿಸುವುದು, ಕಡಿಮೆಯಾಗಿ ತೆನೆಯ ಸಂಖ್ಯೆಯೇ ಇಳಿಯುತ್ತದೆ. ಒಂದು ಎಕರೆ ಗದ್ದೆಯನ್ನು ಕೈಯಿಂದ ನೆಟ್ಟು ಮುಗಿಸಲು ಒಂದೇ ದಿನಕ್ಕೆ ಹತ್ತು ಹದಿನೈದು ಆಳು ಬೇಕು. ಗಂಡ, ಹೆಂಡತಿ, ಒಬ್ಬ ಮಗ, ಒಬ್ಬ ಸೊಸೆ ಇರುವ ಮನೆ ಎಷ್ಟೇ ಶ್ರಮಪಟ್ಟರೂ ಆ ಕೆಲಸವನ್ನು ಹದ ಮೀರುವುದರೊಳಗೆ ಮುಗಿಸಲಾರದು. ಕೂಲಿಗೆ ಕರೆಯೋಣವೆಂದರೆ ಜುಲೈ ತಿಂಗಳಲ್ಲಿ ಕಣಜವೂ ಬರಿದು, ಕೈಯೂ ಬರಿದು. ಆದುದರಿಂದ ರೈತನ ಬಳಿ ಆಗ ಕೊಡಲು ಉಳಿದಿರುವ ಒಂದೇ ನಾಣ್ಯವೆಂದರೆ ಅವನ ಮೈಯ ದುಡಿಮೆ, ಮತ್ತು ಅವನು ಅದನ್ನೇ ಚಲಾಯಿಸಿದ.

ಆದರೆ ಎಲ್ಲರ ಗದ್ದೆಗೂ ಒಂದೇ ದಿನ ನಾಟಿಯ ಹದ ಬಂದರೆ ಮುಯ್ಯಿ ಕೆಲಸಕ್ಕೆ ಬಾರದು. ಒಬ್ಬರಿಗೊಬ್ಬರು ನೆರವಾಗಲು ಪುರುಸೊತ್ತಾದರೂ ಎಲ್ಲಿ? ಇಲ್ಲಿ ನೆಲದ ಏರುತಗ್ಗು ಸಹಾಯಕ್ಕೆ ಬರುತ್ತದೆ. ಕರಾವಳಿಯ ರೈತರು ಭತ್ತದ ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಮೂರಾಗಿ ವಿಂಗಡಿಸುತ್ತಾರೆ. ಮಳೆಯ ನೀರನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು, ನಡುವಿನ ಮಟ್ಟದ್ದು ಮಜಲು, ವರ್ಷದ ಬಹುಕಾಲ ನೀರು ನಿಲ್ಲುವ ತಗ್ಗಿನದು ಬೈಲು. ಮಲೆನಾಡಿನಲ್ಲಿಯೂ ಮಳೆಯಾಶ್ರಯದ ಎತ್ತರದ ಗದ್ದೆಗೆ ಮಕ್ಕಿಗದ್ದೆ ಎಂಬ ಪ್ರತ್ಯೇಕ ಹೆಸರುಂಟು. ಒಂದೊಂದಕ್ಕೂ ನೀರು ನಿಲ್ಲುವ ಕಾಲ ಬೇರೆ, ತಳಿ ಬೇರೆ, ಆದ್ದರಿಂದ ನಾಟಿಯ ದಿನವೂ ಕೊಯ್ಲಿನ ದಿನವೂ ಬೇರೆ. ಇಷ್ಟು ಸಾಲದಿದ್ದರೆ, ಅಕ್ಕಪಕ್ಕದ ಮನೆಯವರು ಮಾತಾಡಿಕೊಂಡು ಸಸಿಮಡಿಯ ಬಿತ್ತನೆಯನ್ನೇ ನಾಲ್ಕೈದು ದಿನ ಹಿಂದುಮುಂದು ಮಾಡಿಕೊಳ್ಳುತ್ತಾರೆ. ನೆರೆಯವರ ಸೌಹಾರ್ದ ಹೀಗೆ ಗುಡ್ಡದ ಇಳಿಜಾರಿನಲ್ಲಿ ಬರೆದಿರುವ ಸಂಗತಿ. ಇಳಿಜಾರು ಇಲ್ಲದ ಬಯಲುಸೀಮೆಯಲ್ಲಿ ಅದು ಕಣದ ಸರದಿಯಾಗಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಕೊಯ್ದ ರಾಗಿಯನ್ನು ಮೆದೆ ಹಾಕಿ, ಎಂದರೆ ತೆನೆ ಒಳಮುಖವಾಗಿ ಒಟ್ಟಿ, ಕಾಯಬಹುದಾದ್ದರಿಂದ ಒಬ್ಬರ ಒಕ್ಕಣೆ ಮುಗಿಯುವ ತನಕ ಇನ್ನೊಬ್ಬರ ಬೆಳೆ ಕೆಡದೆ ಕುಳಿತಿರುತ್ತದೆ, ಎತ್ತುಗಳೂ ತೆನೆಯ ಮೇಲೆ ಉರುಳಿಸುವ ರೋಣುಗಲ್ಲೂ ಕಣದಿಂದ ಕಣಕ್ಕೆ ಸರದಿಯಂತೆ ನಡೆಯುತ್ತವೆ.

ಲೆಕ್ಕದ ಕ್ರಮವೂ ಗಮನಾರ್ಹವಾದುದು. ಒಂದಾಳಿಗೆ ಒಂದಾಳು ಎಂಬುದು ಮೂಲ ನಿಯಮ. ಒಂದು ಜೊತೆ ಎತ್ತಿನ ಒಂದು ದಿನದ ಉಳುಮೆಗೆ ಎಷ್ಟು ಆಳು ಸಮ ಎಂಬುದು ಆಯಾ ಊರಿನ ರೂಢಿ. ಒಂದೊಂದೇ ಎತ್ತು ಇರುವ ಇಬ್ಬರು ಬಡ ರೈತರು ತಮ್ಮ ಎತ್ತುಗಳನ್ನು ಒಂದೇ ನೊಗಕ್ಕೆ ಹೂಡಿ ಇಬ್ಬರ ಹೊಲವನ್ನೂ ಉಳುವುದು ಮುಯ್ಯಿಯ ಅತಿ ನಿಕಟವಾದ ರೂಪ. ನಾಟಿಯ ದಿನದ ಊಟವನ್ನು ಗದ್ದೆಯ ಯಜಮಾನನೇ ಕೊಡಬೇಕು, ಅದು ಲೆಕ್ಕಕ್ಕೆ ಸೇರುವುದಿಲ್ಲ. ಈ ಯಾವುದನ್ನೂ ಯಾರೂ ಬರೆದಿಡುವುದಿಲ್ಲ; ಆದರೆ ಯಾರ ಮನೆಯಿಂದ ಎಷ್ಟು ಆಳು ಬರಬೇಕೆಂಬುದು ಮನೆಯ ಹಿರಿಯ ಹೆಂಗಸಿಗೆ ಬಾಯಿಪಾಠವಾಗಿರುತ್ತದೆ. ನಾಟಿ ಮಾಡುವವರೂ ಬಹುಪಾಲು ಹೆಂಗಸರೇ. ಹೀಗಿದ್ದೂ ಊರಿನ ಮಾತಿನಲ್ಲಿ ಮುಯ್ಯಿ ಸಲ್ಲುವುದು ಗಂಡಸಿನ ಹೆಸರಿಗೆ, 'ಇಂಥವನ ಮನೆಯ ಮುಯ್ಯಿ' ಎಂದು. ದುಡಿದ ಬೆನ್ನು ಒಬ್ಬರದು, ತೀರಿದ ಋಣ ಇನ್ನೊಬ್ಬರದು ಎಂಬ ಈ ಕೊರತೆಯನ್ನು ಪದ್ಧತಿಯನ್ನು ಹೊಗಳುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಹೊಲದಲ್ಲಿ ಆಳಿನ ರೂಪದಲ್ಲಿರುವುದು ಅಡುಗೆಮನೆಯಲ್ಲಿ ಪಾತ್ರೆಯ ರೂಪ ತಾಳುತ್ತದೆ. ಹಾಲಿಗೆ ಹೆಪ್ಪು ಹಾಕಲು ಮಜ್ಜಿಗೆ ಉಳಿದಿಲ್ಲವೆಂದು ಕಂಡುಕೊಂಡ ಹೆಂಗಸು ಒಂದು ಸಣ್ಣ ಬಟ್ಟಲು ಹಿಡಿದು ಪಕ್ಕದ ಮನೆಯ ಹಿತ್ತಿಲ ಬಾಗಿಲಲ್ಲಿ ನಿಂತು, "ಅಕ್ಕಾ, ಒಂಚೂರು ಹೆಪ್ಪಿದ್ದರೆ ಕೊಡಿ" ಎಂದು ಕೇಳುತ್ತಾಳೆ. ಹಿತ್ತಿಲ ಬಾಗಿಲು ಎಂಬುದನ್ನು ಗಮನಿಸಬೇಕು. ಮುಂಬಾಗಿಲು ನಂಟರಿಗೂ ಅಧಿಕಾರಿಗಳಿಗೂ ಮೀಸಲು, ನೆರೆಮನೆಗೆ ಹಿತ್ತಿಲೇ ದಾರಿ. ದೀಪ ಹಚ್ಚಿದ ಮೇಲೆ ಮೊಸರು, ಉಪ್ಪು, ಸೂಜಿ ಮುಂತಾದವನ್ನು ಮನೆಯಿಂದ ಹೊರಗೆ ಕೊಡಬಾರದೆಂಬ ನಂಬಿಕೆ ಅನೇಕ ಕಡೆ ಇರುವುದರಿಂದ ಇಂಥ ಬೇಡಿಕೆ ಬೆಳಕಿರುವಾಗಲೇ ಮುಗಿಯಬೇಕು. ಬೆಂಕಿಪೆಟ್ಟಿಗೆ ಅಪರೂಪವಾಗಿದ್ದ ಕಾಲದಲ್ಲಿ ತೆಂಗಿನ ಸಿಪ್ಪೆಯ ಮೇಲೋ ಬೆರಣಿಯ ತುಂಡಿನ ಮೇಲೋ ಕೆಂಡವೂ ಹೀಗೆಯೇ ಮನೆಯಿಂದ ಮನೆಗೆ ಹೋಗುತ್ತಿತ್ತು. ಹೆಪ್ಪು ಮತ್ತು ಕೆಂಡ ಎರಡಕ್ಕೂ ಒಂದು ಸಮಾನ ಗುಣವಿದೆ: ಕೊಟ್ಟವರ ಮನೆಯಲ್ಲಿ ಅವು ಕಡಿಮೆಯಾಗುವುದಿಲ್ಲ, ಪಡೆದವರ ಮನೆಯಲ್ಲಿ ಬೆಳಗಾಗುವುದರೊಳಗೆ ಕೊಟ್ಟಷ್ಟಕ್ಕಿಂತ ಹೆಚ್ಚಾಗಿರುತ್ತವೆ. ಹಸು ಕರು ಹಾಕಿದ ಮೊದಲ ದಿನಗಳ ಗಟ್ಟಿ ಹಾಲಿನಿಂದ ಮಾಡಿದ ಗಿಣ್ಣನ್ನು ನೆರೆಯವರಿಗೆ ಹಂಚುವುದು ವಾಡಿಕೆ. ದಿನವೂ ಹಾಲು ಮಾರುವ ಮನೆಯೂ ಗಿಣ್ಣಿಗೆ ಬೆಲೆ ಕಟ್ಟುವುದಿಲ್ಲ.

ಪಾತ್ರೆಯ ವಿಷಯದಲ್ಲಿ ಇನ್ನೊಂದು ಕಟ್ಟಳೆಯಿದೆ, ಅದು ಈ ಎಲ್ಲ ವ್ಯವಹಾರದ ತಿರುಳನ್ನು ಹೇಳುವಂಥದ್ದು. ನೆರೆಮನೆಯಿಂದ ಏನನ್ನಾದರೂ ತುಂಬಿಕೊಂಡು ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು. ನಾಲ್ಕು ಬೆಂಡೆಕಾಯಿ, ಒಂದು ಹಿಡಿ ಅವರೆ, ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲ, ಅಂತೂ ಪಾತ್ರೆಯ ತಳ ಕಾಣದಂತೆ ಏನಾದರೊಂದು ಇರಬೇಕು. ಹೀಗೆ ಹಾಕಿದ್ದರಿಂದ ಹಳೆಯ ಲೆಕ್ಕ ತೀರುವುದಿಲ್ಲ, ಹೊಸ ಲೆಕ್ಕವೊಂದು ಹುಟ್ಟುತ್ತದೆ. ಬೆಂಡೆಕಾಯಿ ಪಡೆದ ಮನೆ ಮತ್ತೆ ಯಾವಾಗಲಾದರೂ ಏನನ್ನಾದರೂ ಕಳಿಸಬೇಕಾಗುತ್ತದೆ. ಮದುವೆಯ ಮುಯ್ಯಿಯಲ್ಲಿ ನೂರರ ಬದಲು ನೂರೊಂದು ರೂಪಾಯಿ ಕೊಡುವುದಕ್ಕೂ, ಹಿಂದೆ ಪಡೆದ ಮೊತ್ತಕ್ಕಿಂತ ಕೊಂಚ ಏರಿಸಿ ಹಿಂದಿರುಗಿಸುವುದಕ್ಕೂ ಶುಭಸಂಖ್ಯೆಯ ನಂಬಿಕೆಯ ಜೊತೆಗೆ ಇದೂ ಒಂದು ಕಾರಣವೆಂದು ಹೇಳಬಹುದು. ಲೆಕ್ಕ ಚುಕ್ತಾ ಆದರೆ ಸಂಬಂಧವೂ ಚುಕ್ತಾ. ಅಂಗಡಿಯವನ ಸಾಲ ತೀರಿದಾಗ ಮನಸ್ಸಿಗೆ ನೆಮ್ಮದಿ, ನೆರೆಮನೆಯ ಮುಯ್ಯಿ ಪೂರ್ತಿ ತೀರಿದಾಗ ಏನೋ ಮುನಿಸಾಗಿದೆಯೆಂಬ ಅನುಮಾನ. ಫ್ರಾನ್ಸಿನ ವಿದ್ವಾಂಸ ಮಾರ್ಸೆಲ್ ಮೌಸ್ 1925ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ, ಕೊಡುವುದು, ಸ್ವೀಕರಿಸುವುದು, ಹಿಂದಿರುಗಿಸುವುದು ಎಂಬ ಮೂರು ಕಟ್ಟುಪಾಡುಗಳ ಮೇಲೆ ಅನೇಕ ಸಮಾಜಗಳು ನಿಂತಿರುವುದನ್ನು ವಿವರಿಸಿದರು. ಹಿತ್ತಿಲ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತ ಹೆಂಗಸಿಗೆ ಆ ಮೂರೂ ಗೊತ್ತು.

ಮಲೆನಾಡಿನಲ್ಲಿ ಮುಯ್ಯಿಯ ನಿಜವಾದ ಸೊಗಸು ಕಾಣುತ್ತಿದ್ದುದು ಎರಡು ಸಂದರ್ಭಗಳಲ್ಲಿ. ಮೊದಲನೆಯದು ಸೋಗೆ ಹೊದಿಸುವುದು. ಅಡಿಕೆ ಮರದಿಂದ ಬಿದ್ದ ಗರಿಗೆ ಸೋಗೆ ಎನ್ನುತ್ತಾರೆ. ಅದನ್ನು ವರ್ಷವಿಡೀ ಆಯ್ದು ಒಣಗಿಸಿ ಒಟ್ಟಿಟ್ಟು, ಮಳೆಗಾಲಕ್ಕೆ ಮುನ್ನ ಮನೆಯ ಮಾಡಿಗೆ ಹೊಸದಾಗಿ ಹೊದಿಸಬೇಕಾಗಿತ್ತು. ಹಳೆಯ ಹೊದಿಕೆಯನ್ನು ಕಳಚಿ, ಸೋರುವ ಕಡೆ ಬಿದಿರು ಬದಲಿಸಿ, ಹೊಸ ಸೋಗೆಯನ್ನು ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಬರುವಂತೆ ಕಟ್ಟುತ್ತಾ ಹೋಗುವ ಈ ಕೆಲಸ ಬೇಗ ಮುಗಿಯಲೇಬೇಕು, ಏಕೆಂದರೆ ತೆರೆದ ಮಾಡಿನ ಮೇಲೆ ಬೇಸಿಗೆಯ ಅಡ್ಡಮಳೆ ಹೊಡೆದರೆ ಒಳಗಿನ ಭತ್ತ, ಬಟ್ಟೆ, ಸೌದೆ ಎಲ್ಲ ನೆನೆಯುತ್ತವೆ. ಆದುದರಿಂದ ಊರಿನ ಗಂಡಸರು ಒಂದೊಂದು ದಿನ ಒಂದೊಂದು ಮನೆಯೆಂದು ಗೊತ್ತುಮಾಡಿಕೊಂಡು ಮಾಡು ಏರುತ್ತಿದ್ದರು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಕೆಂಪು ಹೆಂಚು ನಿಧಾನವಾಗಿ ಘಟ್ಟವನ್ನೂ ಏರಿತು. ಹೆಂಚಿನ ಮನೆಗೆ ಪ್ರತಿವರ್ಷ ಹೊದಿಕೆ ಬೇಕಿಲ್ಲ, ನೆರೆಯವರು ಮಾಡು ಏರಬೇಕಿಲ್ಲ. ಸೋರದ ಮಾಡು ಬಂದುದಕ್ಕೆ ಯಾರೂ ಮರುಗಬೇಕಾಗಿಲ್ಲ, ಸೋಗೆಯ ಮಾಡಿಗೆ ಬೆಂಕಿಯ ಭಯವೂ ಇತ್ತು. ಆದರೆ ಒಂದು ವಸ್ತು ಬದಲಾದಾಗ ಅದರ ಸುತ್ತ ಇದ್ದ ಒಂದು ಸಂಬಂಧವೂ ಸದ್ದಿಲ್ಲದೆ ಕಳಚಿಕೊಳ್ಳುವುದಕ್ಕೆ ಇದು ಸ್ಪಷ್ಟವಾದ ನಿದರ್ಶನ.

ಎರಡನೆಯದು ಅಡಿಕೆ ಸುಲಿಯುವ ರಾತ್ರಿಗಳು. ಕೆಂಪಡಿಕೆ ಮಾಡುವವರು ಅಡಿಕೆಯನ್ನು ಹಸಿರಾಗಿರುವಾಗಲೇ ಕೊಯ್ದು, ತಡಮಾಡದೆ ಸಿಪ್ಪೆ ಸುಲಿದು, ಚೊಗರಿನಲ್ಲಿ, ಎಂದರೆ ಹಿಂದೆ ಅಡಿಕೆ ಬೇಯಿಸಿ ಉಳಿದ ಒಗರಾದ ಕಡುಗೆಂಪು ರಸದಲ್ಲಿ, ಬೇಯಿಸಿ ಒಣಗಿಸಬೇಕು. ಕಾಯಿ ಕೊಯ್ದು ದಿನಗಟ್ಟಲೆ ಬಿದ್ದಿದ್ದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಧಾರಣೆ ಸಿಗದು. ಕೊನೆಗಾರ ಹಗಲು ಮರವೇರಿ ಇಳಿಸಿದ ಕೊನೆಗಳ ರಾಶಿಯ ಸುತ್ತ ಸಂಜೆ ಉಂಡು ಬಂದ ನೆರೆಯವರು ಮೆಟ್ಟುಗತ್ತಿ ಹಾಕಿಕೊಂಡು ಕುಳಿತುಕೊಳ್ಳುತ್ತಿದ್ದರು. ಮೆಟ್ಟುಗತ್ತಿಯೆಂದರೆ ಮರದ ಮಣೆಗೆ ನೆಟ್ಟಗೆ ಕೂರಿಸಿದ ಕತ್ತಿ. ಕತ್ತಿ ಕದಲುವುದಿಲ್ಲ, ಅಡಿಕೆಯೇ ಅದರ ಅಲಗಿಗೆ ಒತ್ತಿ ತಿರುಗಬೇಕು, ಆದುದರಿಂದ ಸುಲಿಯುವವರ ಎರಡು ಕೈಯೂ ಕೆಲಸದಲ್ಲಿ ಮುಳುಗಿರುತ್ತವೆ, ಬಾಯಿ ಮಾತ್ರ ಬಿಡುವಾಗಿರುತ್ತದೆ. ನಡುರಾತ್ರಿಯವರೆಗೂ ನಡೆಯುತ್ತಿದ್ದ ಈ ಕೂಟದಲ್ಲಿ ಯಕ್ಷಗಾನದ ಪ್ರಸಂಗ ಚರ್ಚೆಯಾಗುತ್ತಿತ್ತು, ಹುಡುಗಿಗೆ ವರ ಗೊತ್ತಾಗುತ್ತಿತ್ತು, ಬೇಲಿಯ ಜಗಳ ಅರ್ಧ ಇತ್ಯರ್ಥವಾಗುತ್ತಿತ್ತು, ಇನ್ನರ್ಧ ಹೊಸದಾಗಿ ಹೊತ್ತಿಕೊಳ್ಳುತ್ತಿತ್ತು. ಬಾನುಲಿ ಹಳ್ಳಿಗೆ ಬಂದ ಮೇಲೆ ಆ ಜಗಲಿಯ ಒಂದು ಮೂಲೆಯಲ್ಲಿ ಅದಕ್ಕೂ ಜಾಗ ಸಿಕ್ಕಿತು. ಈಗ ಅನೇಕ ಕಡೆ ಸುಲಿಯುವ ಯಂತ್ರ ಬಂದಿದೆ; ಅದು ಕೆಲಸವನ್ನು ಬೇಗ ಮುಗಿಸುತ್ತದೆ, ಆದರೆ ಅದರ ಸದ್ದಿನಲ್ಲಿ ಮಾತಾಡಲು ಆಗುವುದಿಲ್ಲ.

ಮುಯ್ಯಿಯನ್ನು ಅದರ ವಿರುದ್ಧ ಪದದೊಡನೆ ಇಟ್ಟು ನೋಡಿದರೆ ಅದರ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ಆ ಪದ 'ಹಂಗು'. ಹಿಂದಿರುಗಿಸಲಾಗದ ಉಪಕಾರವನ್ನು ಪಡೆದವನ ತಲೆಯ ಮೇಲೆ ಕೂರುವ ಭಾರಕ್ಕೆ ಕನ್ನಡದಲ್ಲಿ ಹಂಗು ಎಂಬ ಹೆಸರು. ಮುಯ್ಯಿ ಸಮಾನರನ್ನಾಗಿ ಮಾಡುತ್ತದೆ, ಹಂಗು ತಗ್ಗಿಸುತ್ತದೆ. ಗಂಡ ತೀರಿಕೊಂಡು ಚಿಕ್ಕ ಮಕ್ಕಳೊಡನೆ ಉಳಿದ ಹೆಂಗಸಿನ ಗದ್ದೆಯನ್ನು ಊರವರು ಉತ್ತು ಕೊಡುವುದು ಇಂದಿಗೂ ಕಾಣುವ ಸಂಗತಿ. ಇಂಥ ಕೆಲಸವನ್ನು 'ಧರ್ಮಕ್ಕೆ ಮಾಡಿದ್ದು' ಎನ್ನುತ್ತಾರೆ. ಆದರೆ ಧರ್ಮಕ್ಕೆ ಪಡೆಯುವುದು ಮರ್ಯಾದಸ್ಥರಿಗೆ ಸಂಕಟದ ಮಾತು. ಇದನ್ನು ಅರಿತ ನೆರೆಯವರು ಆಕೆಯ ಕೈಲಾಗುವ ಯಾವುದಾದರೊಂದು ಕೆಲಸವನ್ನು ಬೇಕೆಂದೇ ಕೇಳುತ್ತಾರೆ: ಬಿತ್ತನೆಯ ಅವರೆಯನ್ನು ಆರಿಸಿಕೊಡುವುದು, ಉಪ್ಪಿನಕಾಯಿಗೆ ಮಾವಿನಮಿಡಿ ಹೆಚ್ಚುವ ದಿನ ಬಂದು ಕೂರುವುದು, ಬಾಣಂತಿಯ ಮನೆಯಲ್ಲಿ ಎರಡು ರಾತ್ರಿ ಮಲಗುವುದು. ಉಳುಮೆಗೂ ಅವರೆ ಆರಿಸುವುದಕ್ಕೂ ಯಾವ ತಕ್ಕಡಿಯಲ್ಲಿಯೂ ಸಮತೂಕವಿಲ್ಲವೆಂಬುದು ಇಬ್ಬರಿಗೂ ಗೊತ್ತು, ಆದರೂ ಸಮವಾಯಿತೆಂದು ಇಬ್ಬರೂ ನಟಿಸುತ್ತಾರೆ. ಹಳ್ಳಿಯ ನೆರೆಹೊರೆಯಲ್ಲಿ ದಯೆ ಎಂದು ಕರೆಯಬಹುದಾದದ್ದು ಇರುವುದು ಕೊಡುವ ಕೈಯಲ್ಲಿ ಅಲ್ಲ, ಪಡೆದವರಿಗೂ ಹಿಂದಿರುಗಿಸುವ ದಾರಿಯೊಂದನ್ನು ಬಿಟ್ಟುಕೊಡುವ ಈ ನಟನೆಯಲ್ಲಿ. ಲೆಕ್ಕವೇ ಇಲ್ಲದ ಸಂದರ್ಭವೆಂದರೆ ಸಾವು ಮಾತ್ರ. ಸಾವಾದ ಮನೆಯಲ್ಲಿ ಒಲೆ ಹಚ್ಚದಿರುವಾಗ ನೆರೆಯವರು ತಂದಿಟ್ಟ ಅನ್ನಕ್ಕೂ, ಚಟ್ಟಕ್ಕೆ ಕೊಟ್ಟ ಹೆಗಲಿಗೂ ಯಾರೂ ಮುಯ್ಯಿಯ ಮಾತೆತ್ತುವುದಿಲ್ಲ, ಮಾತು ಬಿಟ್ಟ ಮನೆಯವರೂ ಅಂದು ಬಂದು ನಿಲ್ಲುತ್ತಾರೆ.

ಇಷ್ಟು ಹೇಳಿದ ಮೇಲೆ, ಈ ಪದ್ಧತಿ ಯಾರನ್ನು ಹೊರಗಿಟ್ಟಿತು ಎಂಬುದನ್ನೂ ಹೇಳದಿದ್ದರೆ ಚಿತ್ರ ಸುಳ್ಳಾಗುತ್ತದೆ. ಮುಯ್ಯಿ ನಡೆಯಬೇಕಾದರೆ ಎರಡು ಕಡೆಯೂ ಗದ್ದೆ ಇರಬೇಕು. ಭೂಮಿ ಇಲ್ಲದವನು ಒಂದು ದಿನ ದುಡಿದುಕೊಟ್ಟರೆ ಅದನ್ನು ಮರಳಿ ಪಡೆಯಲು ಅವನಿಗೆ ಹೊಲವೇ ಇಲ್ಲ. ಒಡೆಯನ ಮನೆಗೆ ಗೇಣಿದಾರನೂ ಜೀತದಾಳೂ ಮಾಡುತ್ತಿದ್ದ ಕೂಲಿಯಿಲ್ಲದ ಕೆಲಸಕ್ಕೆ 'ಬಿಟ್ಟಿ' ಎಂದು ಹೆಸರು, ಅದು ಎಂದೂ ಮುಯ್ಯಿಯಾಗಿರಲಿಲ್ಲ. ಹೆಪ್ಪಿನ ಬಟ್ಟಲು ಜಾತಿಯ ಗೆರೆಯನ್ನು ದಾಟುತ್ತಿರಲಿಲ್ಲ. ದಲಿತರ ಕೇರಿಯ ಹೆಂಗಸು ಊರೊಳಗಿನ ಹಿತ್ತಿಲ ಬಾಗಿಲಿಗೂ ಬಾವಿಯ ಕಟ್ಟೆಗೂ ಬರುವಂತಿರಲಿಲ್ಲ, ಎಷ್ಟೋ ಕಡೆ ಇಂದಿಗೂ ಆ ದೂರ ಪೂರ್ತಿಯಾಗಿ ಅಳಿದಿಲ್ಲ. 1974ರ ಭೂಸುಧಾರಣಾ ತಿದ್ದುಪಡಿ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದಾಗ, 1976ರಲ್ಲಿ ಜೀತಪದ್ಧತಿಯನ್ನು ಕಾನೂನು ರದ್ದುಮಾಡಿದಾಗ, ಮೊದಲ ಬಾರಿಗೆ ಅನೇಕ ಕುಟುಂಬಗಳು ಮುಯ್ಯಿ ಕೇಳುವ ಯೋಗ್ಯತೆಯನ್ನು ಪಡೆದವು. ಹಳೆಯ ಹಳ್ಳಿಯ ಸೌಹಾರ್ದ ಕಾಯ್ದೆಗಳಿಂದ ಕೆಟ್ಟಿತೆಂದು ಹಲುಬುವವರು ಈ ಸಂಗತಿಯನ್ನು ನೆನೆಯುವುದು ಒಳ್ಳೆಯದು.

ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ 1948ರಲ್ಲಿ ನೆಲೆಸಿ ಅಧ್ಯಯನ ನಡೆಸಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು, 1970ರಲ್ಲಿ ಬೆಂಕಿ ಅನಾಹುತವೊಂದರಲ್ಲಿ ತಮ್ಮ ಟಿಪ್ಪಣಿಗಳು ಸುಟ್ಟುಹೋದ ಮೇಲೆ, ಬಹುಮಟ್ಟಿಗೆ ನೆನಪಿನಿಂದಲೇ ಬರೆದು 1976ರಲ್ಲಿ ಪ್ರಕಟಿಸಿದ 'ದಿ ರಿಮೆಂಬರ್ಡ್ ವಿಲೇಜ್' ಗ್ರಂಥದಲ್ಲಿ ಹಳ್ಳಿಗರ ಕೊಡುಕೊಳ್ಳುವಿಕೆಯನ್ನು ಸ್ನೇಹ, ಹಗೆತನ, ಮತ್ಸರ, ಹರಟೆಗಳ ಜೊತೆಯಲ್ಲಿಯೇ ಇಟ್ಟು ವಿವೇಚಿಸಿದ್ದಾರೆ. ಆ ಜೋಡಣೆ ಸರಿಯಾದುದು. ನೆರವು ಮತ್ತು ನಿಷ್ಠುರ ಒಂದೇ ಜಗಲಿಯಲ್ಲಿ ಕೂರುತ್ತವೆ. ನಾಟಿಗೆ ಆಳು ಕಳಿಸಿದವನೇ ಗದ್ದೆಯ ಬದುವನ್ನು ಒಂದು ಗೇಣು ಒತ್ತರಿಸಿದನೆಂದು ಪಂಚಾಯಿತಿಗೆ ಎಳೆಸಿಕೊಳ್ಳುತ್ತಾನೆ.

ಪತ್ರವಿಲ್ಲದೆ, ಬಡ್ಡಿಯಿಲ್ಲದೆ, ಮಾತಿನ ಮೇಲೆ ಕೊಡುವ ಸಣ್ಣ ಸಾಲವಾದ 'ಕೈಗಡ' ಮುಯ್ಯಿಯ ತಮ್ಮನಿದ್ದಂತೆ. ಇದೇ ನಂಬಿಕೆಯನ್ನು ಬರವಣಿಗೆಯ ಕಟ್ಟಿಗೆ ತಂದ ಪ್ರಯತ್ನ ಕನ್ನಡ ನೆಲದಲ್ಲಿಯೇ ಬೇಗ ನಡೆಯಿತು: ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರಿ ಸಂಘವನ್ನು ದೇಶದ ಇಂಥ ಸಂಘಗಳಲ್ಲಿ ಮೊದಲನೆಯದೆಂದು ಗೌರವಿಸಲಾಗುತ್ತದೆ. 2000ದ ಹೊತ್ತಿಗೆ ರಾಜ್ಯದಲ್ಲಿ ಆರಂಭವಾದ ಸ್ತ್ರೀಶಕ್ತಿ ಸಂಘಗಳಲ್ಲಿ ವಾರವಾರ ಕೂಡುವ ಹೆಂಗಸರು ಹಿತ್ತಿಲ ಬಾಗಿಲ ಕೈಗಡವನ್ನು ಪುಸ್ತಕಕ್ಕೆ ಏರಿಸಿದ್ದಾರೆ, ಅಲ್ಲಿ ಸಾಲ ಬರೆಯುವುದು ಹೆಂಗಸಿನ ಹೆಸರಿಗೇ. ಗದ್ದೆಯ ಮುಯ್ಯಿಯಾದರೋ ಕಟಾವಿನ ಯಂತ್ರ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಂದ ಕಡೆಯಲ್ಲೆಲ್ಲ ಕ್ಷೀಣಿಸಿದೆ, ಮಕ್ಕಳು ಪಟ್ಟಣ ಸೇರಿದ ಮನೆಗಳಿಗೆ ಹಿಂದಿರುಗಿಸಲು ಆಳೂ ಇಲ್ಲ. ಉಳಿದು ಬೆಳೆದಿರುವುದು ಮದುವೆಯ ಮುಯ್ಯಿ ಒಂದೇ. ಉತ್ತರ ಕರ್ನಾಟಕದಲ್ಲಿ ಆಯೇರಿ ಎಂದು ಕರೆಯುವ ಈ ಕಾಣಿಕೆಯನ್ನು ಈಗ ಲಕೋಟೆಯಲ್ಲಿ ಮುಚ್ಚಿ ಕೊಡುತ್ತಾರೆ.

ಲಕೋಟೆಗೆ ಮುನ್ನ ಮುಯ್ಯಿಯನ್ನು ಎಲ್ಲರೆದುರು ಓದಿಸಿ, ಚಪ್ಪರದ ಕಂಬದ ಬಳಿ ಕುಳಿತ ಅಕ್ಷರಸ್ಥನೊಬ್ಬನು ಉದ್ದನೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಯಾವ ಊರಿನ ಯಾರು ಬಂದರು, ಎಷ್ಟು ರೂಪಾಯಿ, ಎಷ್ಟು ಸೇರು ಅಕ್ಕಿ, ಎಂಥ ಸೀರೆ, ಯಾವ ಪಾತ್ರೆ ಎಂಬುದೆಲ್ಲ ಆ ಪುಟಗಳಲ್ಲಿದೆ. ಊರಿನ ಚರಿತ್ರೆಗೆ ಅಂಥ ಆಧಾರ ಸರ್ಕಾರದ ಯಾವ ಕಡತದಲ್ಲಿಯೂ ಸಿಗದು. ಇಂಥ ಪುಸ್ತಕಗಳು ಇಂದಿಗೂ ಅನೇಕ ಮನೆಗಳ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಇವೆ. ನಿಮ್ಮ ಮನೆಯಲ್ಲಿ ಅಂಥದ್ದೊಂದು ಇದ್ದರೆ, ಮನೆಗೆ ಸುಣ್ಣ ಬಳಿಯುವ ದಿನ ಅದನ್ನು ಹಳೆಯ ಪೇಪರಿನವನಿಗೆ ತೂಕಕ್ಕೆ ಹಾಕದೆ, ಮನೆಯ ಹಿರಿಯರನ್ನು ಪಕ್ಕಕ್ಕೆ ಕೂರಿಸಿಕೊಂಡು, ಒಂದೊಂದು ಹೆಸರಿನ ಮುಂದೆ ಅವರು ಯಾರ ಪೈಕಿ, ಯಾವ ಬಳಕೆಯವರು ಎಂಬುದನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಬೇಕೆಂದು ಕೋರಿಕೆ.